ಲೆಕ್ಕ ಕೇಳುವುದೂ ಸ್ತ್ರೀವಾದವೇ

ನಮ್ಮ ಶಿಕ್ಷಣ ವಿಭಾಗಗಳಲ್ಲಿ ಪಿಎಚ್.ಡಿ. ಮೌಖಿಕ ಪರೀಕ್ಷೆ ಎಂದರೆ ಅರ್ಧ ಪರೀಕ್ಷೆ, ಅರ್ಧ ಬೀಗರೂಟ. ಅಂದೂ ಹಾಗೆಯೇ ಇತ್ತು. ಮೇಜಿನ ಮೇಲೆ ಗೋಡಂಬಿ, ಬಾಳೆಹಣ್ಣು, ನೀರಿನ ಬಾಟಲಿಗಳು. ಅವುಗಳ ನಡುವೆ ಕೆಂಪು ರಟ್ಟು ಹಾಕಿಸಿ ಚಿನ್ನದ ಬಣ್ಣದ ಅಕ್ಷರ ಕೂರಿಸಿದ ಮಹಾಪ್ರಬಂಧ. ಒಂದು ತಾಲ್ಲೂಕಿನ ಹಳ್ಳಿಗಳ ಹೆಣ್ಣುಮಕ್ಕಳು ಹೈಸ್ಕೂಲನ್ನು ನಡುವೆಯೇ ಬಿಡುವುದು ಅದರ ವಿಷಯ. ನಾನು ಸಮಿತಿಯಲ್ಲಿ ಒಬ್ಬಳು. ಹೊರಗಿನಿಂದ ಬಂದ ಪರೀಕ್ಷಕರು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಮೇಷ್ಟರಾಗಿ ಶುರುಮಾಡಿ ಮೇಲೆ ಬಂದವರು. ಪುಟ ತಿರುವುತ್ತ ತಿರುವುತ್ತ ಕನ್ನಡಕ ತೆಗೆದು ಕೇಳಿದರು: "ಎಲ್ಲ ಸರಿ ಕಣಮ್ಮ. ಕೊನೆಗೂ ಈ ಹುಡುಗೀರು ಶಾಲೆ ಬಿಟ್ಟದ್ದು ಯಾತಕ್ಕೆ ಅಂತ ಗೊತ್ತಾಯ್ತಾ?"

ಅಭ್ಯರ್ಥಿ ತಡವರಿಸಲಿಲ್ಲ. "ಸರ್, ಯಾತಕ್ಕೆ ಅನ್ನೋದಕ್ಕೆ ಒಂದೇ ಸತ್ಯ ಇಲ್ಲ. ಹಲವು ಕಥನಗಳಿವೆ. ನಾನು ಸ್ತ್ರೀವಾದಿ ಮತ್ತು ಆಧುನಿಕೋತ್ತರ ನೆಲೆಯಿಂದ ನೋಡಿದ್ದೀನಿ. ಸತ್ಯ ಅನ್ನೋದೇ ಒಂದು ನಿರ್ಮಿತಿ ಅಲ್ಲವಾ ಸರ್?"

ಮಾರ್ಗದರ್ಶಕರ ಮುಖ ಅರಳಿತು. ಪರೀಕ್ಷಕರು ನಕ್ಕು ಪ್ರಬಂಧ ಮುಚ್ಚಿದರು. ಅಷ್ಟರಲ್ಲಿ ಕಾಫಿ ಬಂತು. ಹುಡುಗಿ ಡಾಕ್ಟರಾದಳು.

ಆ ಹುಡುಗಿಯನ್ನು ನಾನು ದೂರುವುದಿಲ್ಲ. ಅವಳು ಹೇಳಿದ್ದು ನಮ್ಮಂಥವರು ಕಲಿಸಿದ ಪಾಠ. ಕಳೆದ ಎರಡು ದಶಕಗಳಿಂದ ಸಂಶೋಧನಾ ವಿಧಾನದ ಕಮ್ಮಟಗಳಲ್ಲಿ, ರಿಫ್ರೆಶರ್ ಕೋರ್ಸುಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ವಸ್ತುನಿಷ್ಠತೆ ಎನ್ನುವುದು ಗಂಡಸಿನ ಕಣ್ಣು. ಅಂಕಿಅಂಶ ಪಿತೃಪ್ರಧಾನತೆಯ ಭಾಷೆ. ಸತ್ಯ ಎಂದು ಯಾರಾದರೂ ಅಂದರೆ ಅಲ್ಲಿ ಅಧಿಕಾರ ಅಡಗಿ ಕೂತಿದೆ. ಆದ್ದರಿಂದ ಸಂಶೋಧಕಿ ತೀರ್ಪು ಕೊಡಬಾರದು, ಧ್ವನಿಗಳನ್ನು ದಾಖಲಿಸಿ ಪಕ್ಕಕ್ಕೆ ಸರಿಯಬೇಕು. ಇದಿಷ್ಟನ್ನೂ ಒಂದೇ ಗಂಟು ಕಟ್ಟಿ ಮೇಲೆ 'ಸ್ತ್ರೀವಾದಿ ಸಂಶೋಧನಾ ವಿಧಾನ' ಎಂದು ಚೀಟಿ ಅಂಟಿಸಿ ಹಂಚಲಾಗುತ್ತಿದೆ. ಸ್ತ್ರೀವಾದವೂ ಆಧುನಿಕೋತ್ತರವಾದವೂ ಒಂದೇ ಬಸಿರಿನ ಅವಳಿಗಳು ಎಂಬಂತೆ. ನಾನು ಸ್ತ್ರೀವಾದಿ. ಅದಕ್ಕೇ ಈ ಗಂಟನ್ನು ಬಿಚ್ಚಬೇಕು ಅನ್ನಿಸಿದೆ. ಇವು ಅವಳಿಗಳಲ್ಲ. ಒಂದು ಇನ್ನೊಂದರ ಕೈ ಕಟ್ಟಿಹಾಕುತ್ತಿದೆ.

ಮೊದಲು ಸ್ತ್ರೀವಾದಿಗಳು ಜಗಳ ತೆಗೆದದ್ದು ಯಾವ ಮಾತಿಗೆ ಎಂದು ನೋಡೋಣ. ಜೀನ್ ಪಿಯಾಜೆ 1932ರಲ್ಲಿ ಮಕ್ಕಳ ನೈತಿಕ ತೀರ್ಮಾನದ ಬಗ್ಗೆ ಪುಸ್ತಕ ಬರೆದ. ಗೋಲಿ ಆಡುವ ಹುಡುಗರ ಜೊತೆ ಕೂತು ಆಟದ ನಿಯಮಗಳನ್ನು ಕೇಳಿ ಕೇಳಿ ಕಟ್ಟಿದ ಸಿದ್ಧಾಂತ ಅದು. ಹುಡುಗಿಯರ ಆಟವನ್ನೂ ಒಂದಿಷ್ಟು ನೋಡಿ, ನಿಯಮದ ಪ್ರಜ್ಞೆ ಅವರಲ್ಲಿ ಅಷ್ಟಾಗಿ ಬೆಳೆದಿಲ್ಲ ಎಂದು ಷರಾ ಬರೆದುಬಿಟ್ಟ. ಆಮೇಲೆ ಬಂದ ಲಾರೆನ್ಸ್ ಕೋಲ್ಬರ್ಗ್ ನೈತಿಕ ಬೆಳವಣಿಗೆಗೆ ಆರು ಮೆಟ್ಟಿಲು ಕಟ್ಟಿದ. ನಮ್ಮ ಬಿ.ಎಡ್. ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುವ ಮೆಟ್ಟಿಲುಗಳು. ಅವನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆನ್ನುಹತ್ತಿ ಅಧ್ಯಯನ ಮಾಡಿದ 84 ಮಂದಿಯೂ ಗಂಡುಹುಡುಗರು. ಆ ಅಳತೆಗೋಲನ್ನು ಹೆಂಗಸರ ಪಕ್ಕ ನಿಲ್ಲಿಸಿದಾಗ ಅವರು ಮೂರನೇ ಮೆಟ್ಟಿಲಲ್ಲೇ ನಿಂತವರಂತೆ ಕಂಡರು. ಕ್ಯಾರಲ್ ಗಿಲಿಗನ್ 1982ರಲ್ಲಿ 'ಇನ್ ಎ ಡಿಫರೆಂಟ್ ವಾಯ್ಸ್' ಬರೆದು ಇದನ್ನು ಹಿಡಿದು ಜಗ್ಗಿದಳು.

ಗಿಲಿಗನ್ ತೆಗೆದ ತಕರಾರನ್ನು ನಿಧಾನವಾಗಿ ಕೇಳಿ. ನಿನ್ನ ಲೆಕ್ಕದಲ್ಲಿ ಅರ್ಧ ಮನುಷ್ಯಕುಲವೇ ಇಲ್ಲವಲ್ಲಯ್ಯ ಎಂಬುದು ಅವಳ ತಕರಾರು. ತೂಕದ ಕಲ್ಲು ಸುಳ್ಳು ಎಂದು ಸಂತೆಯಲ್ಲಿ ಜಗಳಕ್ಕೆ ನಿಂತ ಹೆಂಗಸು ಕೇಳುವುದು ಸರಿಯಾದ ಕಲ್ಲನ್ನು. ತಕ್ಕಡಿಯೇ ಬೇಡ, ಅಂದಾಜಿಗೆ ಕೊಡು ಎಂದರೆ ಲಾಭವಾಗುವುದು ಅಂಗಡಿಯವನಿಗೆ. ಮುಂದೆ ನಡೆದದ್ದೂ ಪಾಠವೇ. 1984ರಲ್ಲಿ ಲಾರೆನ್ಸ್ ವಾಕರ್ ಎಂಬ ಸಂಶೋಧಕ ಕೋಲ್ಬರ್ಗನ ಮಾಪನ ಬಳಸಿ ನಡೆದಿದ್ದ ಅಧ್ಯಯನಗಳನ್ನೆಲ್ಲ ಕಲೆಹಾಕಿ ನೋಡಿದ. ಅವುಗಳಲ್ಲಿ ಬಹುಪಾಲಿನಲ್ಲಿ ಗಂಡು ಹೆಣ್ಣಿನ ನಡುವೆ ಭೇದವೇ ಇರಲಿಲ್ಲ. ಅಂದರೆ ಕೋಲ್ಬರ್ಗನ ಸಿದ್ಧಾಂತದ ಬುಡ ಅಲುಗಿಸಿದ್ದ ಗಿಲಿಗನ್ನಳ ವಾದಕ್ಕೂ ತಿದ್ದುಪಡಿ ಬಂತು. ಸ್ತ್ರೀವಾದಕ್ಕೆ ಇದು ಸೋಲು ಎಂದು ಯಾರಿಗಾದರೂ ಅನ್ನಿಸಿದರೆ ಅವರಿಗೆ ಸ್ತ್ರೀವಾದ ಬೇಕಿರುವುದು ಮಡಿಬಟ್ಟೆಯ ಹಾಗೆ, ಯಾರೂ ಮುಟ್ಟಬಾರದ ಹಾಗೆ.

ಆಧುನಿಕೋತ್ತರವಾದ ಎಂಬ ಇನ್ನೊಂದು ಹೊಳೆ ಬೇರೆ ಬೆಟ್ಟದಲ್ಲಿ ಹುಟ್ಟಿದ್ದು. ಕೆನಡಾದ ಕ್ಯೂಬೆಕ್ ಸರ್ಕಾರದ ವಿಶ್ವವಿದ್ಯಾಲಯ ಮಂಡಳಿ ಕೇಳಿಕೊಂಡಿದ್ದಕ್ಕೆ ಜೀನ್ ಫ್ರಾನ್ಸ್ವಾ ಲ್ಯೋಟಾರ್ ಒಂದು ವರದಿ ಬರೆದುಕೊಟ್ಟ. 1979ರಲ್ಲಿ ಅದು 'ಆಧುನಿಕೋತ್ತರ ಸ್ಥಿತಿ' ಎಂಬ ಪುಸ್ತಕವಾಯಿತು. ಕಂಪ್ಯೂಟರಿನ ಕಾಲದಲ್ಲಿ ಜ್ಞಾನಕ್ಕೆ ಏನಾಗುತ್ತದೆ ಎಂಬುದು ಅವನ ಪ್ರಶ್ನೆ. ಎಲ್ಲವನ್ನೂ ಒಂದೇ ದೊಡ್ಡ ಕಥೆಯಲ್ಲಿ ವಿವರಿಸುವ ಮಹಾಕಥನಗಳಲ್ಲಿ ಇನ್ನು ನಂಬಿಕೆ ಉಳಿಯದು ಎಂಬುದು ಉತ್ತರ. ಸರ್ಕಾರಿ ವರದಿಯೊಂದು ಇಷ್ಟು ದೊಡ್ಡ ತತ್ತ್ವಶಾಸ್ತ್ರವಾಗಿ ಮೆರೆದದ್ದು ಇನ್ನೊಂದಿರಲಾರದು. ಅದರ ಜೊತೆಗೆ ಶಾಲೆ, ಸೆರೆಮನೆ, ಬ್ಯಾರಕ್ಕುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಮಿಶೆಲ್ ಫೂಕೋ ಬಂದ. ಶಿಕ್ಷಣದ ಮಂದಿಗೆ ಫೂಕೋ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಗಂಟೆ, ಸಾಲು, ಹಾಜರಿ, ಅಂಕಪಟ್ಟಿ ಇವುಗಳಲ್ಲೇ ಬದುಕಿದ ನಮಗೆ ಅವನ ಪುಸ್ತಕ ಓದಿದಾಗ ಬೆನ್ನು ಚುರುಗುಟ್ಟುತ್ತದೆ. ನನಗೂ ಚುರುಗುಟ್ಟಿತ್ತು.

ಈ ಎರಡು ಹೊಳೆಗಳನ್ನು ಶಿಕ್ಷಣ ಸಂಶೋಧನೆಯ ಅಂಗಳಕ್ಕೆ ಕೂಡಿಸಿ ತಂದವರಲ್ಲಿ ಮುಖ್ಯರು ಅಮೆರಿಕದ ಇಬ್ಬರು. ಎಲಿಜಬೆತ್ ಎಲ್ಸ್‌ವರ್ತ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜನಾಂಗಭೇದದ ವಿರುದ್ಧ ತಾನೇ ನಡೆಸಿದ ಕೋರ್ಸಿನ ಬಗ್ಗೆ 1989ರಲ್ಲಿ ಒಂದು ಲೇಖನ ಬರೆದಳು. ಬಿಡುಗಡೆಯ ಪಾಠ ಹೇಳುವ ಮೇಷ್ಟರುಗಳ ಸಂವಾದ, ಸಬಲೀಕರಣ ಎಂಬ ಮಾತುಗಳೇ ತರಗತಿಯಲ್ಲಿ ಹೇಗೆ ಬಾಯಿ ಮುಚ್ಚಿಸುತ್ತವೆ ಎಂದು ತೋರಿಸಿದಳು. ಇಂದಿಗೂ ಅದು ಓದಬೇಕಾದ ಬರಹ. ಪ್ಯಾಟಿ ಲೇದರ್ 1991ರಲ್ಲಿ 'ಗೆಟಿಂಗ್ ಸ್ಮಾರ್ಟ್' ಬರೆದು ಸ್ತ್ರೀವಾದಿ ಸಂಶೋಧನೆಗೂ ಆಧುನಿಕೋತ್ತರಕ್ಕೂ ಗಂಟು ಹಾಕಿದಳು. 1997ರಲ್ಲಿ ಕ್ರಿಸ್ ಸ್ಮಿತೀಸ್ ಜೊತೆ ಬರೆದ ಪುಸ್ತಕದಲ್ಲಿ ಎಚ್‌ಐವಿ ಸೋಂಕಿನ 25 ಹೆಂಗಸರ ಮಾತು ಪುಟದ ಮೇಲರ್ಧದಲ್ಲಿ, ಸಂಶೋಧಕಿಯರ ಟಿಪ್ಪಣಿ ಕೆಳಗರ್ಧದಲ್ಲಿ ಅಚ್ಚಾಗಿದೆ. ಧೈರ್ಯದ ಪ್ರಯೋಗ, ಒಪ್ಪುತ್ತೇನೆ. ಆದರೆ ಸಾವಿನ ಎದುರು ಕೂತವರ ಮಾತಿನ ಕೆಳಗೆ ಸಂಶೋಧಕಿಯ ತಳಮಳ ಪುಟಪುಟವೂ ಹರಿಯುವುದನ್ನು ಓದುವಾಗ ಯಾರ ಕಥೆ ಇದು ಎಂದು ಕೇಳಬೇಕೆನಿಸುತ್ತದೆ.

ಆಗಲೇ ಒಬ್ಬಳು ಎಚ್ಚರಿಸಿದ್ದಳು. ನ್ಯಾನ್ಸಿ ಹಾರ್ಟ್‌ಸಾಕ್ 1990ರಲ್ಲಿ ಫೂಕೋನ ಅಧಿಕಾರದ ಸಿದ್ಧಾಂತ ಹೆಂಗಸರ ಕೆಲಸಕ್ಕೆ ಬರುತ್ತದೆಯೇ ಎಂದು ಕೇಳಿ ಬರೆದ ಲೇಖನದಲ್ಲಿ ಒಂದು ಅನುಮಾನ ಎತ್ತಿದಳು. ಇಷ್ಟು ಕಾಲ ಬಾಯಿ ಕಟ್ಟಿಸಿಕೊಂಡವರು 'ನಾನು' ಎಂದು ಮಾತಾಡಲು ಶುರುಮಾಡಿದ ಹೊತ್ತಿನಲ್ಲೇ 'ನಾನು' ಎಂಬುದೇ ಭ್ರಮೆ ಎಂಬ ಸಿದ್ಧಾಂತ ಹೇಗೆ ಹುಟ್ಟಿತು ಎಂಬ ಅನುಮಾನ. ನಮ್ಮೂರಿನ ಮಾತಿನಲ್ಲಿ ಹೇಳುವುದಾದರೆ, ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕಾನೂನು ಬಂದ ದಿನವೇ ಅಣ್ಣನಿಗೆ ವೈರಾಗ್ಯ ಬಂದು 'ಆಸ್ತಿ ಎಲ್ಲ ಮಾಯೆ ಕಣಮ್ಮ' ಎಂದ ಹಾಗೆ. ಪಹಣಿ ಮಾತ್ರ ಅವನ ಹೆಸರಿನಲ್ಲೇ ಇರುತ್ತದೆ.

ಈಗ ನನಗೆ ಬಹಳ ಇಷ್ಟವಾದ ಕಥೆಗೆ ಬರುತ್ತೇನೆ. ಸ್ತ್ರೀವಾದಿ ಸಂಶೋಧನಾ ವಿಧಾನದ ಪಠ್ಯಕ್ರಮ ಎಲ್ಲೇ ಇರಲಿ, ಅದರಲ್ಲಿ ಆನ್ ಓಕ್ಲಿ 1981ರಲ್ಲಿ ಹೆಂಗಸರ ಸಂದರ್ಶನದ ಬಗ್ಗೆ ಬರೆದ ಲೇಖನ ಇದ್ದೇ ಇರುತ್ತದೆ. ಲಂಡನ್ನಿನಲ್ಲಿ ಚೊಚ್ಚಲ ಗರ್ಭಿಣಿಯರನ್ನು ಬಸಿರಿನಿಂದ ಬಾಣಂತನದವರೆಗೆ ಮತ್ತೆ ಮತ್ತೆ ಭೇಟಿಯಾಗಿ ಮಾತಾಡಿಸಿದವಳು ಓಕ್ಲಿ. ಸಂದರ್ಶಕಿ ಪ್ರಶ್ನೆ ಕೇಳಬೇಕು, ಎದುರಿನವಳ ಪ್ರಶ್ನೆಗೆ ಉತ್ತರ ಕೊಡಬಾರದು, ಕೊಟ್ಟರೆ ಮಾಹಿತಿ ಕೆಡುತ್ತದೆ ಎಂಬುದು ಪುಸ್ತಕದ ನಿಯಮ. ಆದರೆ ಆ ಹೆಂಗಸರು ಕೇಳುತ್ತಲೇ ಇದ್ದರು. ಮಗು ಯಾವ ದಾರಿಯಿಂದ ಹೊರಬರುತ್ತದೆ ಎಂದು ಕೇಳಿದವಳೂ ಇದ್ದಳು. ಅಂಥವಳ ಮುಂದೆ ನಸುನಕ್ಕು 'ನಿಮಗೇನನ್ನಿಸುತ್ತದೆ?' ಎನ್ನುವುದು ವಿಜ್ಞಾನವಲ್ಲ, ಕ್ರೌರ್ಯ ಎಂದಳು ಓಕ್ಲಿ. ಉತ್ತರ ಕೊಟ್ಟಳು, ಸ್ನೇಹ ಬೆಳೆಸಿದಳು, ಅದನ್ನು ಬರೆದಳು. ಹೀಗಾಗಿ ಅವಳು ನಮ್ಮ ಪಠ್ಯಕ್ರಮಗಳಲ್ಲಿ ಅಂಕಿಅಂಶ ವಿರೋಧಿಗಳ ಕುಲದೇವತೆ.

ಆದರೆ ಆ ಲೇಖನವನ್ನು ನಿಜಕ್ಕೂ ಓದಿದವರಿಗೆ ಗೊತ್ತು: ಓಕ್ಲಿ ಆ ಪ್ರಶ್ನೆಗಳನ್ನು ಎಣಿಸಿದ್ದಾಳೆ! ಆ ಹೆಂಗಸರು ತನಗೆ ಕೇಳಿದ ಪ್ರಶ್ನೆಗಳು ಒಟ್ಟು 878, ಅವುಗಳಲ್ಲಿ ಶೇ. 76 ಮಾಹಿತಿ ಬೇಡಿದ ಪ್ರಶ್ನೆಗಳು ಎಂದು ಲೆಕ್ಕ ಕೊಟ್ಟಿದ್ದಾಳೆ. ಆ ಲೆಕ್ಕ ಇರುವುದರಿಂದಲೇ ಅವಳ ವಾದ ಹಲ್ಲು ಕಚ್ಚಿ ನಿಲ್ಲುತ್ತದೆ. ಒಬ್ಬಿಬ್ಬರು ಕೇಳಿದರಂತೆ ಎಂದಿದ್ದರೆ ಯಾರು ಕಿವಿಗೊಡುತ್ತಿದ್ದರು? ಹೆಂಗಸರಿಗೆ ಆಸ್ಪತ್ರೆಯಲ್ಲಿ ಯಾರೂ ಏನೂ ಹೇಳುತ್ತಿಲ್ಲ ಎಂಬುದನ್ನು ಆ ಸಂಖ್ಯೆಗಳು ತೋರಿಸಿಕೊಟ್ಟವು.

ಅಲ್ಲಿಗೂ ನಿಲ್ಲಲಿಲ್ಲ ಅವಳು. 1980ರ ದಶಕದಲ್ಲಿ 509 ಗರ್ಭಿಣಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೂಲಗಿತ್ತಿಯರು ಮನೆಗೆ ಹೋಗಿ ಆಸರೆ ಕೊಡುವ ಪ್ರಯೋಗ ನಡೆಸಿದಳು. ಯಾರಿಗೆ ಆಸರೆ, ಯಾರಿಗಿಲ್ಲ ಎಂಬುದನ್ನು ಅದೃಷ್ಟಕ್ಕೆ ಬಿಡುವುದು ಸರಿಯೇ ಎಂದು ತನ್ನನ್ನೇ ಕೇಳಿಕೊಂಡು ಒದ್ದಾಡಿದಳು, ಆ ಒದ್ದಾಟವನ್ನೂ ಬರೆದಳು. ಲಂಡನ್ನಿನ ಇನ್ಸ್ಟಿಟ್ಯೂಟ್ ಆಫ್ ಎಜುಕೇಶನ್‌ನಲ್ಲಿ ಕೂತು ಶಿಕ್ಷಣ, ಆರೋಗ್ಯದ ಅಧ್ಯಯನಗಳನ್ನೆಲ್ಲ ಕಲೆಹಾಕಿ ಜರಡಿ ಹಿಡಿಯುವ ಕೇಂದ್ರ ಕಟ್ಟಿದಳು. 2000ದಲ್ಲಿ 'ಎಕ್ಸ್‌ಪೆರಿಮೆಂಟ್ಸ್ ಇನ್ ನೋಯಿಂಗ್' ಎಂಬ ದಪ್ಪ ಪುಸ್ತಕ ಬರೆದು, ಎಣಿಕೆ ಗಂಡಸರದ್ದು, ಮಾತುಕತೆ ಹೆಂಗಸರದ್ದು ಎಂಬ ವಿಭಜನೆಯೇ ಲಿಂಗತಾರತಮ್ಯದ ಕೂಸು ಎಂದು ವಾದಿಸಿದಳು. ಇದು ಯಾವ ಪಠ್ಯಕ್ರಮದಲ್ಲಿದೆ? ನಾನಂತೂ ಕಂಡಿಲ್ಲ. 1981ರ ಓಕ್ಲಿಯನ್ನು ಪೂಜಿಸಿ 2000ದ ಓಕ್ಲಿಯನ್ನು ಅಟ್ಟಕ್ಕೆ ಹಾಕಿದ್ದೇವೆ.

ಎಣಿಕೆ ಗಂಡಸರದ್ದು ಎನ್ನುವ ಮಾತು ನನಗೆ ಬಹಳ ಹಳೆಯ ಮಾತಿನಂತೆ ಕೇಳುತ್ತದೆ. ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲ, ಅವರಿಗೆ ಭಾವನೆ ಜಾಸ್ತಿ ಎನ್ನುತ್ತಿದ್ದ ನನ್ನ ಹೈಸ್ಕೂಲು ಮೇಷ್ಟರ ಮಾತು ಅದು. ಅದೇ ಮಾತನ್ನು ಈಗ ಫ್ರೆಂಚ್ ಹೆಸರುಗಳ ಅಡಿಟಿಪ್ಪಣಿ ಹಾಕಿ ನಾವೇ ನಮ್ಮ ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದೇವೆ.

ನಮ್ಮ ದೇಶದ ಕಥೆಯನ್ನಾದರೂ ನೋಡಬಾರದೆ? ಭಾರತದಲ್ಲಿ ಮಹಿಳಾ ಅಧ್ಯಯನ ಎಂಬ ಶಿಸ್ತು ತಲೆಯೆತ್ತಿದ್ದು 1974ರ ಒಂದು ವರದಿಯಿಂದ. 'ಸಮಾನತೆಯತ್ತ' ಎಂಬ ಆ ವರದಿಯನ್ನು ಬರೆದದ್ದು ಫೂಲ್‌ರೇಣು ಗುಹಾ ಅಧ್ಯಕ್ಷತೆಯ ಸಮಿತಿ, ಅದರ ಸದಸ್ಯ ಕಾರ್ಯದರ್ಶಿ ವೀಣಾ ಮಜುಂದಾರ್. ಸ್ವಾತಂತ್ರ್ಯ ಬಂದಿದೆ, ಸಂವಿಧಾನ ಬಂದಿದೆ, ಮಹಿಳಾ ಪ್ರಧಾನಿಯೂ ಇದ್ದಾರೆ, ಇನ್ನೇನು ಎಂದು ದೇಶ ನೆಮ್ಮದಿಯಾಗಿದ್ದ ಹೊತ್ತಿನಲ್ಲಿ ಆ ವರದಿ ಜನಗಣತಿಯ ಪಟ್ಟಿ ಬಿಚ್ಚಿಟ್ಟಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದರು. 1971ಕ್ಕೆ 930. ಎಲ್ಲಿ ಹೋದರು? ಇದನ್ನು ಯಾವ ಕಥನ ಹೇಳಬಲ್ಲದು? ಹುಟ್ಟದೇ ಹೋದವಳನ್ನು, ಹುಟ್ಟಿಯೂ ಉಳಿಯದೇ ಹೋದವಳನ್ನು ಸಂದರ್ಶನ ಮಾಡಲಾಗದು. ಅವಳ ಧ್ವನಿ ದಾಖಲಾಗುವುದು ಗಣತಿಯಲ್ಲಿ ಬಿದ್ದ ಆ ಖೋತಾದಲ್ಲಿ ಮಾತ್ರ.

ಇನ್ನೊಂದು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಮಾಲಿನಿ ಚಂದ್ ಜೊತೆ ಹೆಂಗಸರ ದಿನಚರಿಯನ್ನು ಗಂಟೆ ಗಂಟೆಗೂ ಬರೆದಿಡುವ ಅಧ್ಯಯನ ನಡೆಸಿದರು. ಸರ್ಕಾರದ ಸಮೀಕ್ಷೆಯಲ್ಲಿ ಕೆಲಸವಿಲ್ಲದವರು ಎಂದು ನಮೂದಾಗಿದ್ದ ಹೆಂಗಸರು ಹೊತ್ತು ಹುಟ್ಟುವ ಮೊದಲಿನಿಂದ ದುಡಿಯುತ್ತಿದ್ದರು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ನಮೂನೆಯಲ್ಲಿ ಇಂಥವರಿಗೆ ಒಂದು ಸಂಕೇತ ಸಂಖ್ಯೆ ಇದೆ, 92: ಮನೆಗೆಲಸ ಮಾತ್ರ. ನಮ್ಮ ತಾಯಂದಿರೆಲ್ಲ ಬಾಳಿ ಹೋದದ್ದು ಆ 92ರೊಳಗೆ. ಆ ಸಂಖ್ಯೆಯ ಹೊಟ್ಟೆ ಸೀಳಿ ತೋರಿಸಲು ಇನ್ನೊಂದು ಲೆಕ್ಕವೇ ಬೇಕಾಯಿತು. 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆದಾಗ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಬಂತು. ಆ 97 ಕೂಡ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ. ಕೈಯೇ ಹಾಕದವರನ್ನು ಅದರಲ್ಲಿ ಸೇರಿಸಿಲ್ಲ.

ಎದುರು ಪಕ್ಷದವರು ಇಲ್ಲಿ ನನ್ನನ್ನು ತಡೆಯುತ್ತಾರೆ. ಮೇಡಂ, ನೀವು ಹೊಗಳುವ ಸಂಖ್ಯೆಗಳು ಎಷ್ಟು ಸುಳ್ಳು ಹೇಳುತ್ತವೆ ಗೊತ್ತೆ ಎನ್ನುತ್ತಾರೆ. ಗೊತ್ತು, ನಿಮಗಿಂತ ಚೆನ್ನಾಗಿ ಗೊತ್ತು. ನಾನು ತಿದ್ದಿದ ಎಂ.ಎಡ್. ಪ್ರಬಂಧಗಳನ್ನು ಒಂದರ ಮೇಲೊಂದು ಜೋಡಿಸಿದರೆ ಆಳೆತ್ತರ ಆಗುತ್ತದೆ. 'ಮನೋಭಾವ', 'ಹೊಂದಾಣಿಕೆ', 'ಆತಂಕ' ಇವುಗಳಲ್ಲೊಂದು, ಐದು ಬಿಂದುಗಳ ಮಾಪನಿ, ನೂರು ಹುಡುಗರು, ನೂರು ಹುಡುಗಿಯರು, ಶೂನ್ಯ ಪ್ರಾಕ್ಕಲ್ಪನೆ, ಟಿ ಪರೀಕ್ಷೆ, 0.05 ಮಟ್ಟದಲ್ಲಿ ಸಾರ್ಥಕ ವ್ಯತ್ಯಾಸ ಕಂಡುಬಂದಿಲ್ಲ. ಮುಗಿಯಿತು. ಪ್ರಶ್ನಾವಳಿಯ ತಲೆಯ ಮೇಲೆ 'ಲಿಂಗ: ಗಂಡು / ಹೆಣ್ಣು' ಎಂಬ ಚೌಕ. ಆ ಚೌಕದಲ್ಲಿ ಗುರುತು ಹಾಕಿದ ಹುಡುಗಿ ಬೆಳಗ್ಗೆ ಎಷ್ಟು ಕೊಡ ನೀರು ಹೊತ್ತು ಬಂದಿದ್ದಾಳೆ ಎಂದು ಪ್ರಶ್ನಾವಳಿ ಕೇಳುವುದಿಲ್ಲ. ಇಂಥ ಗಿರಣಿಯಿಂದ ಹಿಟ್ಟು ಬಂದದ್ದನ್ನು ನಾನು ನೋಡಿಲ್ಲ, ಸದ್ದು ಮಾತ್ರ ಕೇಳಿದ್ದೇನೆ. ಇದರ ವಿರುದ್ಧ ಸಿಟ್ಟೆದ್ದು ಗುಣಾತ್ಮಕ ಸಂಶೋಧನೆಗೆ ಹೋದವರ ಸಿಟ್ಟು ನನ್ನದೂ ಹೌದು. ಆದರೆ ನೆಗಡಿ ಆಯಿತೆಂದು ಮೂಗು ಕೊಯ್ದುಕೊಂಡದ್ದು ಯಾವ ಜಾಣತನ?

ಅದಕ್ಕಿಂತ ತಮಾಷೆಯೆಂದರೆ ನಮ್ಮಲ್ಲಿ ಮೂಗನ್ನೂ ಪೂರ್ತಿ ಕೊಯ್ದುಕೊಂಡಿಲ್ಲ. ಎರಡನೇ ಅಧ್ಯಾಯದಲ್ಲಿ ಫೂಕೋ, ಲ್ಯೋಟಾರ್, ಸಂಕಥನ, ನಿರಚನೆ. ನಾಲ್ಕನೇ ಅಧ್ಯಾಯದಲ್ಲಿ ಅದೇ ಟಿ ಪರೀಕ್ಷೆ, ಅದೇ 0.05. ಎತ್ತು ಏರಿಗೆ, ಕೋಣ ನೀರಿಗೆ. ಸತ್ಯವೇ ಇಲ್ಲ ಎಂದು ಐವತ್ತು ಪುಟ ಬರೆದವರು ಆಮೇಲೆ ಶೇಕಡಾ 95ರ ಭರವಸೆಯಿಂದ ಪ್ರಾಕ್ಕಲ್ಪನೆ ತಿರಸ್ಕರಿಸುತ್ತಾರೆ. ಮದುವೆ ಹೆಣ್ಣಿಗೆ ಬಾಡಿಗೆ ಒಡವೆ ಹಾಕಿಸಿದ ಹಾಗೆ ಸಿದ್ಧಾಂತವನ್ನು ಹಾಕಿಸಿಕೊಂಡಿದ್ದೇವೆ. ಮಾರನೆಯ ದಿನ ವಾಪಸು.

ಸ್ತ್ರೀವಾದ ಸಂಶೋಧನಾ ವಿಧಾನಕ್ಕೆ ಕೊಟ್ಟ ನಿಜವಾದ ಕೊಡುಗೆ ಏನೆಂದು ನಾನು ಕಲಿತದ್ದು ಪುಸ್ತಕದಿಂದಲ್ಲ. ಬಹಳ ಹಿಂದೆ ಒಂದು ಹಳ್ಳಿಯಲ್ಲಿ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಹುಡುಗಿಯ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಅಪ್ಪ, ಬಾಗಿಲಲ್ಲಿ ಅಜ್ಜಿ. ಯಾಕವ್ವ ಶಾಲೆ ಬಿಟ್ಟೆ ಎಂದೆ. "ಇಷ್ಟ ಇಲ್ಲ ಮೇಡಂ, ಓದು ತಲೆಗೆ ಹತ್ತಲ್ಲ" ಎಂದಳು, ನೆಲ ನೋಡಿಕೊಂಡು. ಬರೆದುಕೊಂಡೆ. ನಮೂನೆಯಲ್ಲಿ ಅದಕ್ಕೊಂದು ಸಂಕೇತವೂ ಇತ್ತು: ಆಸಕ್ತಿಯ ಕೊರತೆ. ಸಂಜೆ ಬೋರ್‌ವೆಲ್ಲಿನ ಹತ್ತಿರ ಅವಳೇ ಮಾತಿಗೆ ಬಂದಳು. ಕೊಡ ತುಂಬುವಷ್ಟರಲ್ಲಿ ಎಲ್ಲ ಹೇಳಿದಳು. ಗಣಿತದಲ್ಲಿ ಅವಳಿಗೆ ಎಪ್ಪತ್ತೆಂಟು ಬಂದಿತ್ತು. ಹೈಸ್ಕೂಲಿನಿಂದ ವಾಪಸು ಬರುವ ಬಸ್ಸು ತಪ್ಪಿದರೆ ಕತ್ತಲಲ್ಲಿ ಕೆರೆ ಏರಿಯ ಮೇಲೆ ನಡೆಯಬೇಕು. ಒಂದು ದಿನ ಇಬ್ಬರು ಹುಡುಗರು ಬೈಕಿನಲ್ಲಿ ಹಿಂದೆ ಬಂದರು. ಮನೆಯಲ್ಲಿ ಹೇಳಿದಳು. ಮಾರನೆಯ ದಿನದಿಂದ ಶಾಲೆ ಬಂದ್.

ಈಗ ಹೇಳಿ. ಜಗಲಿಯ ಮಾತೂ ಬೋರ್‌ವೆಲ್ಲಿನ ಮಾತೂ ಎರಡು ಕಥನಗಳೇ? ಎರಡಕ್ಕೂ ಸಮಾನ ಗೌರವ ಕೊಟ್ಟು ಪಕ್ಕಪಕ್ಕ ಅಚ್ಚು ಹಾಕಿ ಸಂಶೋಧಕಿ ಪಕ್ಕಕ್ಕೆ ಸರಿಯಬೇಕೆ? ಒಂದು ಹೆದರಿಕೆಯಿಂದ ಬಂದ ಮಾತು, ಇನ್ನೊಂದು ನಿಜ. ಯಾರ ಎದುರು, ಯಾವ ಹೊತ್ತಿನಲ್ಲಿ, ಯಾರ ಕಣ್ಣಳತೆಯಲ್ಲಿ ಕೇಳಿದೆ ಎಂದು ನನಗೆ ನಾನೇ ಪ್ರಶ್ನೆ ಹಾಕಿಕೊಳ್ಳುವುದನ್ನು ಕಲಿಸಿದ್ದು ಸ್ತ್ರೀವಾದ. ಅದು ಕಲಿಸಿದ್ದು ಸುಳ್ಳನ್ನು ದಾಟಿ ನಿಜಕ್ಕೆ ಹೋಗುವ ದಾರಿಯನ್ನು. ನಾನು ಆ ದಾರಿಯನ್ನು ಅಳೆದೂ ನೋಡಿದೆ. ಬಸ್ಸಿನ ವೇಳೆ ಬರೆದುಕೊಂಡೆ, ಆ ಹಳ್ಳಿಯಿಂದ ಶಾಲೆಗೆ ಎಷ್ಟು ದೂರ, ಅದೇ ದೂರದ ಉಳಿದ ಹಳ್ಳಿಗಳಿಂದ ಎಷ್ಟು ಹುಡುಗಿಯರು ಬಿಟ್ಟಿದ್ದಾರೆ ಎಂದು ಹಾಜರಿ ಪುಸ್ತಕ ತೆಗೆಸಿದೆ. ಹಾಜರಿ ಪುಸ್ತಕದಲ್ಲಿ ಅವಳು ಇನ್ನೂ ಬರುತ್ತಲೇ ಇದ್ದಳು! ಬಿಟ್ಟು ನಾಲ್ಕು ತಿಂಗಳಾದರೂ ದಿನವೂ ಅವಳ ಹೆಸರಿನ ಮುಂದೆ ಹಾಜರಿ ಬೀಳುತ್ತಿತ್ತು. ಹಾಜರಿ ಪುಸ್ತಕವೂ ಒಂದು ಕಥನವೇ ಎಂದು ನಾನು ಆಗ ತತ್ತ್ವ ಹೇಳಬಹುದಿತ್ತು. ಹೆಡ್ಮಾಸ್ತರಿಗೆ ಅದಕ್ಕಿಂತ ಖುಷಿಯ ಮಾತು ಇರುತ್ತಿರಲಿಲ್ಲ. ಸುಳ್ಳು ಲೆಕ್ಕ ಹಿಡಿಯಲು ತರಗತಿಯಲ್ಲಿ ನಿಂತು ತಲೆ ಎಣಿಸಬೇಕಾಯಿತು.

ಆ ಹುಡುಗಿಯ ಕಥೆ ಒಂಟಿ ಕಥೆಯಲ್ಲ ಎಂದು ನನಗೆ ಆಗ ಗುಮಾನಿ ಮಾತ್ರ ಇತ್ತು. ಬಿಹಾರದ ಸೈಕಲ್ ಯೋಜನೆಯ ಅಧ್ಯಯನ ಬಂದಾಗ ಖಾತ್ರಿಯಾಯಿತು. 2006ರಲ್ಲಿ ಅಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡಲು ಶುರುವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಪಕ್ಕದ ಜಾರ್ಖಂಡಿನ ಜೊತೆ ಹೋಲಿಸಿ, ಹುಡುಗರ ದಾಖಲಾತಿಯನ್ನೂ ಪಕ್ಕದಲ್ಲಿಟ್ಟು ನೋಡಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು, ಗಂಡು ಹೆಣ್ಣಿನ ಅಂತರ ಶೇ. 40ರಷ್ಟು ಇಳಿಯಿತು. ಏರಿಕೆ ಹೆಚ್ಚಾಗಿ ಕಂಡದ್ದು ಶಾಲೆ ದೂರವಿದ್ದ ಹಳ್ಳಿಗಳಲ್ಲಿ. ದಾರಿಯೇ ತೊಡಕಾಗಿತ್ತು. ನಮ್ಮಲ್ಲೂ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ ಕಾಲವಿತ್ತು. ಸಾಲಾಗಿ ಸೈಕಲ್ ತುಳಿಯುತ್ತ ಹೋಗುವ ಹುಡುಗಿಯರನ್ನು ಹಿಂದೆ ಬರುವ ಬೈಕಿನವರು ಹೆದರಿಸುವುದು ಅಷ್ಟು ಸುಲಭವಲ್ಲ ಎಂದು ಕೆರೆ ಏರಿಯ ಮೇಲೆ ನಿಂತು ನೋಡಿದವರಿಗೆ ಗೊತ್ತು. ಗುಂಪಾಗಿ ಹೋಗುವುದರ ಧೈರ್ಯವನ್ನು ಅರಿಯಲು ಮಾತುಕತೆ ಬೇಕು. ಯೋಜನೆ ನಿಲ್ಲಿಸಲು ಹೊರಟ ಹಣಕಾಸು ಇಲಾಖೆಯ ಮುಂದೆ ಇಡಲು ಆ 32 ಬೇಕು. ಆ ಮೇಜಿನ ಮುಂದೆ 'ಹಲವು ಕಥನಗಳಿವೆ ಸರ್' ಎಂದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಸತ್ಯ ಒಂದಿಲ್ಲ ಎನ್ನುವ ಮಾತು ದಬ್ಬಾಳಿಕೆಯವರನ್ನು ಹೆದರಿಸುತ್ತದೆ ಎಂದು ನಾವು ಯಾಕೆ ನಂಬಿದೆವೋ. ಶಾಲೆ ಬಿಟ್ಟ ಮಕ್ಕಳು ನಮ್ಮ ವ್ಯಾಪ್ತಿಯಲ್ಲಿ ಶೂನ್ಯ ಎಂದು ಸಭೆಯಲ್ಲಿ ಹೇಳುವ ಅಧಿಕಾರಿಗೆ ಬೇಕಾದದ್ದೇ ಅದು. ನಿಮ್ಮದೊಂದು ಕಥನ, ನಮ್ಮದೊಂದು ಕಥನ. ನಮ್ಮದಕ್ಕೆ ಸೀಲು ಇದೆ. ವಿಜ್ಞಾನವೂ ಸಮಾಜ ಕಟ್ಟಿದ್ದು ಎಂದು ಜೀವನವಿಡೀ ತೋರಿಸಿದ ಬ್ರೂನೋ ಲಾಟೂರ್‌ಗೇ 2004ರಲ್ಲಿ ಗಾಬರಿಯಾಯಿತು. ತನ್ನ ಆಯುಧವನ್ನೇ ಹಿಡಿದು ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವವರು ಎದ್ದು ನಿಂತದ್ದನ್ನು ನೋಡಿ, ವಿಮರ್ಶೆಯ ಉಸಿರು ಯಾಕೆ ಕಟ್ಟಿತು ಎಂದು ಕೇಳಿ ಲೇಖನ ಬರೆದ. ಅಮೆರಿಕದ ಶಿಕ್ಷಣ ಸಂಶೋಧಕರಿಗೂ ಅದೇ ಹೊತ್ತಿಗೆ ಬಿಸಿ ತಟ್ಟಿತ್ತು. 2002ರ ಆರಂಭದಲ್ಲಿ ಬುಷ್ ಸಹಿ ಹಾಕಿದ ಶಾಲಾ ಕಾಯ್ದೆಯಲ್ಲಿ 'ವೈಜ್ಞಾನಿಕ ತಳಹದಿಯ ಸಂಶೋಧನೆ' ಎಂಬ ಅರ್ಥದ ಮಾತು ನೂರಕ್ಕೂ ಹೆಚ್ಚು ಸಲ ಬರುತ್ತದೆ. ಪ್ರಯೋಗ ಮಾತ್ರವೇ ವಿಜ್ಞಾನ ಎಂಬ ಆ ಸಂಕುಚಿತ ಹಟವನ್ನು ಲೇದರ್ ಮತ್ತು ಅವಳ ಜೊತೆಯವರು ವಿರೋಧಿಸಿದರು, ಸರಿಯಾಗಿಯೇ ವಿರೋಧಿಸಿದರು. ಆದರೆ ಒಳ್ಳೆಯ ಸಂಶೋಧನೆ, ಕೆಟ್ಟ ಸಂಶೋಧನೆ ಎಂದು ಬೇರ್ಪಡಿಸುವ ಅಳತೆಯೇ ಇಲ್ಲ ಎಂದು ಹತ್ತು ವರ್ಷ ಬರೆದ ಮೇಲೆ, ನಿಮ್ಮ ಅಳತೆ ತಪ್ಪು ಎಂದು ಸರ್ಕಾರಕ್ಕೆ ಹೇಳಲು ಯಾವ ನೆಲದ ಮೇಲೆ ನಿಲ್ಲಬೇಕು?

ನಮ್ಮ ಪ್ರಬಂಧಗಳು ತಪ್ಪದೆ ಹೆಸರಿಸುವ ಡೊನ್ನಾ ಹ್ಯಾರವೇಯನ್ನಾದರೂ ಪೂರ್ತಿ ಓದಬಹುದಿತ್ತು. ನೆಲೆಗೊಂಡ ಜ್ಞಾನದ ಬಗ್ಗೆ 1988ರಲ್ಲಿ ಅವಳು ಬರೆದ ಲೇಖನದ ಒಂದು ಅಲಗು ಎಲ್ಲವನ್ನೂ ಮೇಲಿನಿಂದ ನೋಡುವ ದೇವರ ಕಣ್ಣಿನ ವಿರುದ್ಧ. ಇನ್ನೊಂದು ಅಲಗು ಎಲ್ಲವೂ ಸಮ ಎನ್ನುವ ಸಾಪೇಕ್ಷವಾದದ ವಿರುದ್ಧ. ಎರಡೂ ಹೊಣೆ ತಪ್ಪಿಸಿಕೊಳ್ಳುವ ದಾರಿಗಳೇ ಎನ್ನುತ್ತಾಳೆ ಅವಳು. ಸಾಂಡ್ರಾ ಹಾರ್ಡಿಂಗ್ ಕೇಳಿದ್ದು ಇನ್ನೂ ಗಟ್ಟಿಯಾದ ವಸ್ತುನಿಷ್ಠತೆಯನ್ನು. ಗಂಡಸರ ವಸ್ತುನಿಷ್ಠತೆ ತೀರಾ ಪುಸಕಲು ಎಂಬುದು ಅವಳ ದೂರು. ಇವರನ್ನು ಸಾಕ್ಷಿಗೆ ಕರೆದು ಇವರ ಬಾಯಲ್ಲಿ ಇವರು ಹೇಳದ ಮಾತು ಹೇಳಿಸುತ್ತಿದ್ದೇವೆ. ಮೂಲ ಓದದೆ ಗೈಡು ಓದಿ ಪಾಸಾದವರ ರೀತಿ ಇದು.

ಪಠ್ಯಕ್ರಮ ಸಮಿತಿಗಳಲ್ಲಿ ಕೂರುವ ಗೆಳತಿಯರಿಗೆ, ಗೆಳೆಯರಿಗೆ ನನ್ನದೊಂದು ಕೇಳಿಕೆ. ಓಕ್ಲಿಯ ಎರಡು ಬರಹಗಳನ್ನೂ ಜೊತೆಗೆ ಇಡಿ. 1974ರ ವರದಿಯನ್ನು ಸ್ತ್ರೀವಾದಿ ವಿಧಾನದ ಪಾಠದಲ್ಲೇ ಓದಿಸಿ. ಹುಡುಗಿಯರಿಗೆ ಸಂಖ್ಯಾಶಾಸ್ತ್ರವನ್ನು ಸಾಫ್ಟ್‌ವೇರಿನ ಗುಂಡಿ ಒತ್ತುವುದರಾಚೆಗೆ ನಿಜವಾಗಿ ಕಲಿಸಿ. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಹಳೆಯ ಗಣಿತ ಮೇಷ್ಟರು 'ಯಾತಕ್ಕೆ ಅಂತ ಗೊತ್ತಾಯ್ತಾ' ಎಂದು ಕೇಳಿದರೆ ನಗಬೇಡಿ.

ಅಂದು ಸಂಜೆ ಆ ಕೆಂಪು ರಟ್ಟಿನ ಪ್ರಬಂಧದ ಒಂದು ಪ್ರತಿ ನನ್ನ ಕೈಗೂ ಬಂತು. ಮನೆಗೆ ತಂದು ಬೀರುವಿನಲ್ಲಿಟ್ಟಿದ್ದೆ. ಇದನ್ನು ಬರೆಯಲು ಕೂತಾಗ ಧೂಳು ಕೊಡವಿ ತೆಗೆದೆ. ಕೊನೆಯಲ್ಲಿ, ಗ್ರಂಥಋಣಕ್ಕೂ ಆಚೆ, ಅನುಬಂಧದಲ್ಲಿ ನಲವತ್ತು ಚಿಲ್ಲರೆ ಹುಡುಗಿಯರ ಪಟ್ಟಿ ಇದೆ. ಊರು, ತರಗತಿ, ಶಾಲೆ ಬಿಟ್ಟ ತಿಂಗಳು, ಮನೆಯಿಂದ ಶಾಲೆಗೆ ಎಷ್ಟು ಕಿಲೋಮೀಟರು ಎಂದು ಅವಳು ಅಚ್ಚುಕಟ್ಟಾಗಿ ಬರೆದಿದ್ದಾಳೆ. ಉತ್ತರ ಅಲ್ಲೇ ಇತ್ತು. ಮೌಖಿಕ ಪರೀಕ್ಷೆಯಲ್ಲಿ ಆ ಪುಟವನ್ನು ಯಾರೂ ತಿರುವಲಿಲ್ಲ. ನಾನೂ ತಿರುವಲಿಲ್ಲ.